ದಾಕ್ಷಾಯಣಮ್ಮನವರ ಎಡಗೋಡೆ

ದಾಕ್ಷಾಯಣಮ್ಮನವರ ಎಡಗೋಡೆಯೇ ನನ್ನ ಬಲಗೋಡೆ. ಹಾಗಾಗಿ ಅವರು ಮರೆತದ್ದೆಲ್ಲ ನನಗೆ ಬರುತ್ತದೆ. ನಾನು ಮರೆತದ್ದು ನನ್ನ ಎಡಗೋಡೆ ದಾಟಿ ಕಟಿಂಗ್ ಶಾಪಿನ ಮುನಿರಾಜುವಿಗೆ ಹೋಗುತ್ತದೆ. ಅವನು ಗಿರಾಕಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು, ಮುಖಕ್ಕೆ ಹಚ್ಚುವ ಬ್ರಷ್ಷು ಹಿಡಿದುಕೊಂಡೇ ನನ್ನ ಸೈಕಲ್ ಅಂಗಡಿಯ ಮುಂದೆ ಬಂದು ನಿಂತು, "ಲೋ ತಿಪ್ಪೇಶಿ, ಬೇರಿಂಗ್ ಗುಂಡು ಜೇಬಲ್ಲಿ ಹಾಕ್ಕೊಂಡು ನೆಲದ ಮೇಲೆ ಹುಡುಕ್ತಾ ಇದೀಯಲ್ಲೋ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೋಗುತ್ತಾನೆ. ನಮ್ಮ ಊರಿನಲ್ಲಿ ಎಲ್ಲರ ಬಾಳೂ ಹೀಗೇ ಗೋಡೆಯಿಂದ ಗೋಡೆಗೆ ನಡೆದುಕೊಂಡು ಬಂದಿದೆ.

ಇದಕ್ಕೆ ನಾವು ಒಪ್ಪಿಸುವುದು ಎನ್ನುತ್ತೇವೆ. ಪಕ್ಕದ ಮನೆಯವರು ಮರೆತದ್ದು ನಮ್ಮ ತಲೆಗೆ ಬಂದರೆ ಹೊತ್ತು ಮುಳುಗುವುದರೊಳಗೆ ಹೋಗಿ ಒಪ್ಪಿಸಬೇಕು. ಒಪ್ಪಿಸುವ ತನಕ ಅದು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಚುಚ್ಚುತ್ತಲೇ ಇರುತ್ತದೆ, ಆದ್ದರಿಂದ ತಡ ಮಾಡುವವರು ಕಡಿಮೆ. ಬಾಗಿಲು ಎರಡು ಸಲ ತಟ್ಟಬೇಕು. ಮೂರನೆಯವರ ಎದುರಿಗೆ ಹೇಳಬಾರದು. (ಮುನಿರಾಜುವಿಗೆ ಈ ಮರ್ಯಾದೆಯನ್ನು ಯಾರೂ ಕಲಿಸಿಲ್ಲ.) ಮರೆತವರು ಒಂದು ಚೂರು ಬೆಲ್ಲ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಯಾರು ಎಷ್ಟು ಮರೆತರು ಎಂದು ಎಣಿಸಬಾರದು. ಹೊಡೆದಾಡಿದವರು ನಮ್ಮಲ್ಲಿ ಮರುದಿನ ಒಟ್ಟಿಗೆ ಕಾಫಿ ಕುಡಿಯುತ್ತಾರೆ. ಆದರೆ ಪಕ್ಕದವರ ಮರೆವನ್ನು ಎಣಿಸಿದವನ ಮನೆಯಲ್ಲಿ ನೀರು ಕೂಡ ಮುಟ್ಟುವುದಿಲ್ಲ.

ದಾಕ್ಷಾಯಣಮ್ಮ ಹೆಂಗಸರ ಬಟ್ಟೆ ಹೊಲಿಯುವವರು. ಟೇಪು ಕೊರಳಲ್ಲಿ ಇರುತ್ತಿತ್ತು, ಆದರೆ ಅಳತೆಯನ್ನು ಅವರು ಎಂದೂ ಬರೆದಿಟ್ಟವರಲ್ಲ. ಒಮ್ಮೆ ಅಳೆದರೆ ಮುಗಿಯಿತು. ಮದುವೆಯಾಗಿ ಹೋದ ಹುಡುಗಿಯೊಬ್ಬಳು ಎಂಟು ವರ್ಷದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದಾಗ, ಕನ್ನಡಕದ ಮೇಲಿಂದ ಒಂದು ಸಲ ನೋಡಿ, "ಸೊಂಟ ಎರಡಿಂಚು ಜಾಸ್ತಿ ಮಾಡ್ಕೊಂಡಿದೀಯ, ತೋಳು ಅಷ್ಟೇ ಇದೆ, ಹೋಗು, ಶನಿವಾರ ಬಾ" ಎಂದದ್ದನ್ನು ನಾನೇ ಕೇಳಿದ್ದೇನೆ. ಶನಿವಾರ ಆ ಹುಡುಗಿ ರವಿಕೆ ತೊಟ್ಟು ನೋಡಿ ಕಣ್ಣರಳಿಸಿದ್ದನ್ನೂ ನೋಡಿದ್ದೇನೆ. ಇಪ್ಪತ್ತೆರಡು ವರ್ಷ ನಾವು ಅಕ್ಕಪಕ್ಕ ಇದ್ದೇವೆ. ಅಷ್ಟೂ ವರ್ಷ ಅವರಿಂದ ನನಗೆ ಬಂದದ್ದು ವರ್ಷಕ್ಕೆ ನಾಲ್ಕೋ ಐದೋ. ನನ್ನದು ಸುಮ್ಮನಿರುವ ಗೋಡೆ ಎಂದು ನಾನು ಬೀದಿಯಲ್ಲಿ ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಆ ಹೆಂಗಸಿನ ಪಕ್ಕ ಇರುವುದೇ ನನಗೊಂದು ಹೆಮ್ಮೆ, ಅದನ್ನು ಮುಚ್ಚಿಡುವುದು ಯಾಕೆ?

ಅವರಿಗೆ ಮದುವೆಯಾಗಿರಲಿಲ್ಲ. ಜೊತೆಗೆ ತಂಗಿ ಮಂಗಳಾ ಇದ್ದಳು. ಅಕ್ಕ ಕತ್ತರಿಸಿ ಹೊಲಿದರೆ ತಂಗಿ ಹುಕ್ಕು ಹಚ್ಚಿ, ಅದು ಸಿಕ್ಕಿಕೊಳ್ಳುವ ದಾರದ ಕಾಜಾ ಮಾಡಿ, ಸೀರೆಗೆ ಫಾಲ್ಸ್ ಹಾಕುವಳು. ಅಕ್ಕನ ಮಾತು ಕಡಿಮೆ. ತಂಗಿ ಆ ಕೊರತೆಯನ್ನೂ ಸೇರಿಸಿ ಮಾತಾಡುವಳು. ಇಬ್ಬರೂ ದಿನಕ್ಕೊಂದು ಸಲವಾದರೂ ಜಗಳವಾಡುವರು, ಮತ್ತೆ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುವರು. ಕಳೆದ ಕಾರ್ತಿಕದಲ್ಲಿ ಮಂಗಳಾ ಯಾರದೋ ನಾಮಕರಣಕ್ಕೆಂದು ಬೆಳಗಿನ ಬಸ್ಸಿಗೆ ಪಕ್ಕದ ಊರಿಗೆ ಹೋದಳು. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳು ಅಲ್ಲೇ ಕುಸಿದಳಂತೆ. ಹೃದಯ ನಿಂತಿತ್ತು. ಮಧ್ಯಾಹ್ನ ಅವಳನ್ನು ತಂದಾಗ ಮಿಷನ್ನಿನ ಮೇಲೆ ಅವಳು ಕಾಜಾ ಮಾಡದೆ ಬಿಟ್ಟುಹೋದ ಹಸಿರು ರವಿಕೆ ಹಾಗೇ ಇತ್ತು.

ಎರಡು ತಿಂಗಳು ಏನೂ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಶುರುವಾಯಿತು. ಮೊದಲು ಬಂದದ್ದು ಕತ್ತರಿ ಅಕ್ಕಿ ಡಬ್ಬದಲ್ಲಿದೆ ಎಂಬುದು. ಹೋಗಿ ಒಪ್ಪಿಸಿದೆ, ಬೆಲ್ಲ ಕೊಟ್ಟರು. ಆಮೇಲೆ ಗ್ಯಾಸ್ ಮೇಲೆ ಇಟ್ಟ ಹಾಲು. ಆಮೇಲೆ ಒಂದು ದಿನ ನಾನು ಚಕ್ರದ ಬೆಂಡು ತೆಗೆಯುತ್ತ ಕೂತಿದ್ದಾಗ, ಬೆನ್ನು ಹದಿನಾಲ್ಕು, ತೋಳು ಹನ್ನೊಂದು, ಎದೆ ಮೂವತ್ತಾರು ಎಂದು ತಲೆಗೆ ಬಂತು. ಬರೀ ಅಂಕಿ ಬಂದಿದ್ದರೆ ಸಹಿಸಬಹುದಿತ್ತು. ಯಾರದು ಎಂಬುದೂ ಬಂತು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು! ನನ್ನ ಮಗನಿಗೆ ಕಿವಿ ಹಿಂಡಿ ಲೆಕ್ಕ ಕಲಿಸಿದವರು. ಅವತ್ತಿನಿಂದ ಅವರು ಸೈಕಲ್ಲಿಗೆ ಗಾಳಿ ಹೊಡೆಸಲು ಬಂದರೆ ನಾನು ನೆಲ ನೋಡಿಕೊಂಡು ಪಂಪು ಒತ್ತುತ್ತೇನೆ.

ಇಂಥದ್ದನ್ನು ಹೋಗಿ ಹೇಳುವುದು ಹೇಗೆ? ನನ್ನ ಹೆಂಡತಿ ಗಿರಿಜೆಯನ್ನು ಕಳಿಸಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಊರು ಹೆಂಗಸರ ಅಳತೆಯೆಲ್ಲ ನಿಮ್ಮ ತಲೇಲಿ. ನನ್ನ ಹುಟ್ಟಿದ ದಿನ ಮಾತ್ರ ಮುನಿರಾಜು ಬಂದು ಹೇಳ್ಬೇಕು. ಚೆನ್ನಾಗಿದೆ ರೀ ಸಂಸಾರ" ಎಂದು ಚುಚ್ಚಿಯೇ ಹೋದಳು. ವಾರದೊಳಗೆ ಅವಳಿಗೂ ನಗು ನಿಂತಿತು. ದಿನಕ್ಕೆ ಹತ್ತು ಹನ್ನೆರಡು ಬರತೊಡಗಿದವು. ಒಪ್ಪಿಸಿ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ಅದೇ ಮತ್ತೆ ಬರುತ್ತಿತ್ತು. ಕಡೆಗೆ ಅವರು ಬೆಲ್ಲ ಕೊಡುವುದನ್ನೂ ಮರೆಯತೊಡಗಿದರು. ಬೆಲ್ಲ ಕೊಟ್ಟಿಲ್ಲ ಎಂಬುದೂ ನನಗೇ ಬರುತ್ತಿತ್ತು. ಕಟ್ಟಳೆಯಂತೆ ಅದನ್ನೂ ಹೋಗಿ ಒಪ್ಪಿಸಬೇಕಲ್ಲ! ಭಿಕ್ಷೆ ಕೇಳುವವನ ಹಾಗೆ ಅವರ ಬಾಗಿಲಲ್ಲಿ ನಿಲ್ಲುವಾಗ ನನಗಾಗುತ್ತಿದ್ದ ನಾಚಿಕೆ ಅಷ್ಟಿಷ್ಟಲ್ಲ.

ಊರಿನವರು ಗಮನಿಸದೆ ಇರುತ್ತಾರೆಯೇ? ಒಬ್ಬರ ರವಿಕೆ ಬಿಗಿಯಾಯಿತು, ಇನ್ನೊಬ್ಬರ ತೋಳು ಮೊಣಕೈಗೆ ಇಳಿಯಿತು. ಆದರೆ ದಾಕ್ಷಾಯಣಮ್ಮನ ಮೇಲೆ ಯಾರೂ ಒಂದು ಮಾತಾಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನಮ್ಮ ಊರಿನಲ್ಲಿ ಮರೆಗುಳಿ ಎನ್ನುವವನೇ ಇಲ್ಲ. ಪಕ್ಕದವನು ಸರಿಯಿಲ್ಲ, ಅಷ್ಟೇ. ಯಾರಾದರೂ ತೀರ ಮರೆಯತೊಡಗಿದರೆ ಅವರ ಎಡಗಡೆಯ ಮನೆಯವರನ್ನು ಬೇರೆ ಕಡೆ ಕಳಿಸಿ, ಚುರುಕಾದವರನ್ನು ತಂದು ಕೂರಿಸುತ್ತಾರೆ. ಗೋಡೆ ಬದಲಿಸುವುದು ಎಂದು ಇದಕ್ಕೆ ಹೆಸರು. ಬೀದಿಯ ಯಜಮಾನ ವೀರಭದ್ರಪ್ಪ ಒಂದು ಸಂಜೆ ನನ್ನ ಸ್ಟೂಲಿನ ಮೇಲೆ ಕೂತು, ನನ್ನದೇ ಟೀ ಕುಡಿಯುತ್ತ, "ತಿಪ್ಪೇಶಿ, ಬೇಜಾರ್ ಮಾಡ್ಕೋಬೇಡ. ನಿನಗೂ ಐವತ್ತೈದಾಯ್ತು. ಒಪ್ಪಿಸೋದ್ರಲ್ಲಿ ನಿಧಾನ ಆಗಿದೀಯ. ಯುಗಾದಿ ಆದ್ಮೇಲೆ ಗೋಡೆ ಬದಲಿಸಿಬಿಡೋಣ. ಹಳೇ ಸಂತೆ ಹತ್ರ ನಿನಗೊಂದು ಮಳಿಗೆ ನೋಡಿದೀನಿ" ಎಂದ. ಟೀ ಲೋಟ ಅವನ ಕೈಯಿಂದ ಕಿತ್ತುಕೊಳ್ಳಬೇಕು ಎನ್ನಿಸಿತು. ಕಿತ್ತುಕೊಳ್ಳಲಿಲ್ಲ. ನನಗೆ ಅವಮಾನಕ್ಕಿಂತ ಹೆದರಿಕೆ ಹೆಚ್ಚಾಗಿತ್ತು. ಯಾಕೆಂದರೆ ನಾನು ಆಗಲೇ ಮಾಡಬಾರದ್ದನ್ನು ಮಾಡಿಯಾಗಿತ್ತು.

ನಾನು ಎಣಿಸುತ್ತಿದ್ದೆ. ಅಂಗಡಿಯ ಹಿಂದಿನ ಗೋಡೆಯಲ್ಲಿ, ಹಳೇ ಟೈರು ತೂಗುಹಾಕಿದ ಜಾಗದಲ್ಲಿ, ಸೀಮೆಸುಣ್ಣದಿಂದ ದಿನಕ್ಕೊಂದು ಸಾಲು ಗೀಟು ಎಳೆಯುತ್ತಿದ್ದೆ. ಕೆಟ್ಟ ಬುದ್ಧಿಯಿಂದಲ್ಲ. ಮೊದಲು, ನಾನು ನಿಧಾನವಾಗಿಲ್ಲ ಎಂದು ನನಗೇ ಖಾತ್ರಿಯಾಗಲಿ ಎಂದು. ಆಮೇಲೆ, ಈ ಹೆಂಗಸಿಗೆ ಏನೋ ಆಗುತ್ತಿದೆ, ಅದನ್ನು ಯಾರಾದರೊಬ್ಬರು ನೋಡಬೇಕು ಎಂದು. ಒಂದು ದಿನದ ಸಾಲಿನಲ್ಲಿ ನಲವತ್ತೊಂದು ಗೀಟಿದ್ದವು.

ಶಿವರಾತ್ರಿ ಕಳೆದು ನಾಲ್ಕನೇ ದಿನ, ನಾನು ಪಂಕ್ಚರ್ ಹಾಕುತ್ತಿದ್ದೆ. ದಾಕ್ಷಾಯಣಮ್ಮ ಮಿಷನ್ನಿನ ಬೆಲ್ಟಿಗೆ ಏನಾದರೂ ಸಿಗುತ್ತದೆಯೇ ಎಂದು ಕೇಳುತ್ತ ಒಳಗೆ ಬಂದವರು, ನಾನು ಕೈ ಒರೆಸಿಕೊಂಡು ಏಳುವುದರೊಳಗೆ ತಾವೇ ಹಿಂದಕ್ಕೆ ಹೋಗಿ ಟೈರು ಸರಿಸಿದರು. ಬಟ್ಟೆಯ ಮೇಲೆ ಗುರುತು ಹಾಕಿದ ಗೀಟನ್ನು ನೋಡುವ ಹಾಗೆಯೇ, ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇದು ನಂದಾ?" ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದಮ್ಮ" ಎಂದೆ.

ಅವರು ಟೈರನ್ನು ಮತ್ತೆ ಮೊದಲಿನ ಜಾಗಕ್ಕೆ ಸರಿಸಿ ಹೋದರು. ಎರಡು ದಿನ ಅವರ ಅಂಗಡಿಯ ಶಟರು ಏಳಲಿಲ್ಲ. ಗಿರಿಜೆ ನನಗೆ ಸಾರು ಬಡಿಸುವಾಗಲೂ ಮುಖ ನೋಡಲಿಲ್ಲ. ನಾನು ಒದ್ದೆ ಬಟ್ಟೆ ತಂದು ಗೋಡೆ ಒರೆಸಲು ಹೋದೆ, ಒರೆಸಲು ಮನಸ್ಸಾಗದೆ ವಾಪಸ್ಸು ಬಂದೆ. ಇಪ್ಪತ್ತೆರಡು ವರ್ಷದ ನೆರೆಯನ್ನು ಸೀಮೆಸುಣ್ಣದಲ್ಲಿ ಕೆಡಿಸಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮೂರನೇ ದಿನ ಬೆಳಿಗ್ಗೆ ನನ್ನ ಅಂಗಡಿಯ ಬಾಗಿಲು ಎರಡು ಸಲ ತಟ್ಟಿದ ಸದ್ದಾಯಿತು. ದಾಕ್ಷಾಯಣಮ್ಮ. ಕಣ್ಣು ಊದಿತ್ತು, ಆದರೆ ತಲೆ ನೀಟಾಗಿ ಬಾಚಿದ್ದರು. ಸ್ಟೂಲಿನ ಮೇಲೆ ಕೂತು ನೇರ ಮಾತಿಗೆ ಬಂದರು.

"ತಿಪ್ಪೇಶಪ್ಪ, ನಮ್ಮ ಸೋದರತ್ತೆಗೆ ಐದು ಗೋಡೆ ಬದಲಿಸಿದ್ರು. ಐದನೇ ಮನೆಯವ್ರು ಬರೋ ಹೊತ್ಗೆ ಅವರಿಗೆ ಅವರ ಹೆಸರೇ ಗೊತ್ತಿರ್ಲಿಲ್ಲ. ಅಷ್ಟು ವರ್ಷ ಎಲ್ಲಾರೂ ಪಕ್ಕದ ಮನೆಯವರನ್ನ ಬೈದ್ರೇ ಹೊರತು, ಇವಳಿಗೇನಾಗಿದೆ ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈಗ ನಂಗೂ ಅದೇ ಬಂತು ಅಂತ ಗೊತ್ತಾಗಿ, ಯುಗಾದಿ ಹೊತ್ಗೆ ಕತ್ತರಿ ಕೆಳಗಿಟ್ಟು ಅಂಗಡಿ ಮುಚ್ಚಿಬಿಡೋಣ ಅಂತಿದ್ದೆ."

"ನನ್ನದು ತಪ್ಪಾಯ್ತಮ್ಮ, ಎಣಿಸ್ಬಾರ್ದಿತ್ತು..."

"ಸುಮ್ನಿರಿ. ಅಳತೆ ತಗೊಳ್ದೆ ನಾನ್ಯಾವತ್ತಾದ್ರೂ ಬಟ್ಟೆ ಕತ್ತರಿಸಿದೀನಾ? ನೀವು ಅಳತೆ ತಗೊಂಡಿದೀರ, ಅಷ್ಟೆ. ಅದನ್ನ ಒಂದು ಕಾಗದಕ್ಕೆ ಇಳಿಸಿಕೊಡಿ. ಬರೋ ಗುರುವಾರ ಆ ರೂಮಿಗೆ ಹೋಗ್ತೀನಿ."

ಯಾರಿಗಾದರೂ ಕೇಳಿಸಿತೇ ಎಂದು ನಾನು ಬೀದಿಯ ಕಡೆ ನೋಡಿದೆ. ನಮ್ಮ ಸರ್ಕಾರಿ ಆಸ್ಪತ್ರೆಯ ಮಹಡಿಯ ಮೇಲೆ ಒಂದು ರೂಮಿದೆ. ಗುರುವಾರ ಮಾತ್ರ ತೆರೆಯುತ್ತದೆ. ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನಸೀಮಾ ಮೇಡಂ ಅವತ್ತು ಹೊರಗಿನಿಂದ ಬಸ್ಸಿನಲ್ಲಿ ಬರುತ್ತಾರೆ. ಅಲ್ಲಿಗೆ ಹೋಗಲೇಬೇಕಾದವರು ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿ, ತಲೆಗೆ ಟವೆಲ್ಲು ಸುತ್ತಿಕೊಂಡು ಹೋಗುವುದು ವಾಡಿಕೆ. ಮುಂದಿನ ಮೆಟ್ಟಿಲು ಹತ್ತಿ ಹೋದವರನ್ನು ನಾನು ನೋಡಿದ್ದಿಲ್ಲ.

ಆ ಗುರುವಾರ ದಾಕ್ಷಾಯಣಮ್ಮ ಸಾಸಿವೆ ಬಣ್ಣದ ಸೀರೆ ಉಟ್ಟು, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಇಡೀ ಬೀದಿ ನೋಡುತ್ತಿರುವಾಗ ನಡುರಸ್ತೆಯಲ್ಲಿ ನಡೆದರು. ಗೀಟುಗಳಿಗೆ ತಾರೀಕು, ನೆನಪಿದ್ದಷ್ಟು ವಿವರ ಹಾಕಿ ಬರೆದ ಕಾಗದ ಹಿಡಿದುಕೊಂಡು ನಾನು ನಾಲ್ಕು ಹೆಜ್ಜೆ ಹಿಂದೆ. ಕಟಿಂಗ್ ಶಾಪಿನ ಬಾಗಿಲಲ್ಲಿ ಮುನಿರಾಜು ಬಾಯಿ ತೆರೆದು ನಿಂತಿದ್ದ. ವೀರಭದ್ರಪ್ಪ ಎದುರು ಸಿಕ್ಕಿ, "ಎಲ್ಲಿಗಮ್ಮ ದಾಕ್ಷಾಯಣಿ?" ಎಂದ.

"ಮರೆವು ಜಾಸ್ತಿ ಆಗಿದೆ ಯಜಮಾನ್ರೆ, ತೋರಿಸ್ಕೊಂಡು ಬರ್ತೀನಿ" ಎಂದು, ಹಲ್ಲು ನೋವಿಗೆ ಹೋಗುವವರ ಹಾಗೆ ಹೇಳಿ, "ಗೋಡೆ ಏನೂ ಬದಲಿಸೋದು ಬೇಡ. ನಮ್ಮ ತಿಪ್ಪೇಶಪ್ಪನ ಗೋಡೆ ಸರಿಯಾಗಿದೆ" ಎಂದು ಸೇರಿಸಿದರು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲಿನ ನಡುವೆಯೇ ದಾರಿ ಮಾಡಿಕೊಂಡು ಮುಂದಿನ ಮೆಟ್ಟಿಲು ಹತ್ತಿದರು. ಒಂದೂವರೆ ಲಕ್ಷ ಚಕ್ರಕ್ಕೆ ಗಾಳಿ ಹೊಡೆದಿರುವ ನನ್ನ ಎದೆಗೆ ಆ ಮೆಟ್ಟಿಲು ಹತ್ತುವಾಗ ಉಸಿರು ಸಾಲಲಿಲ್ಲ. ಅಂಥ ಧೈರ್ಯ ನನಗಿದ್ದಿದ್ದರೆ ಎಂದುಕೊಂಡೆ.

ನಸೀಮಾ ಮೇಡಂ ನಲವತ್ತರ ಆಸುಪಾಸಿನವರು, ಮೆಲುದನಿ. ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಾಗಿಲು ಎಳೆದುಕೊಂಡರು. ಒಳಗೆ ಏನೇನೋ ಪ್ರಶ್ನೆ, ಉತ್ತರ. ಅರ್ಧ ಗಂಟೆಯಾದ ಮೇಲೆ ನನ್ನ ತಲೆಗೆ "ಬೀಗ" ಎಂದು ಬಂತು. ಬರೀ ಬೀಗ. ಚುಚ್ಚತೊಡಗಿತು. ಅಭ್ಯಾಸಬಲ ನೋಡಿ, ನಾನು ಎದ್ದು ಬಾಗಿಲು ಎರಡು ಸಲ ತಟ್ಟಿ, ತಲೆ ಒಳಗೆ ಹಾಕಿ, "ಬೀಗ ಕಣಮ್ಮ, ಬೀಗ!" ಎಂದೆ.

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. ನಿಂಬೆಹಣ್ಣು, ಕುದುರೆ, ಬೀಗ ಎಂದು ಮೂರು ಮಾತು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುವ ಪರೀಕ್ಷೆಯಂತೆ ಅದು. ನಾನು ಕಾಪಿ ಹೊಡೆಸಿದ ಹಾಗಾಗಿತ್ತು. "ನಾನು ಈ ಊರಿಗೆ ಬರ್ತಾ ಮೂರು ವರ್ಷ ಆಯ್ತು, ಈ ಫಜೀತಿ ಇನ್ನೂ ಹೋಗಿಲ್ಲ" ಎಂದು ನನ್ನನ್ನು ಹೊರಗೆ ಕಳಿಸುವುದರಲ್ಲಿದ್ದರು. ದಾಕ್ಷಾಯಣಮ್ಮ ತಡೆದರು.

"ಇವರೂ ಇಲ್ಲೇ ಕೂತ್ಕೊಳ್ಳಲಿ ಮೇಡಂ. ನಾನು ಅರ್ಧ ಇವರ ಹತ್ರ ಇದೀನಿ."

ಈ ಮಾತನ್ನು ನಾನು ಸಾಯುವವರೆಗೂ ಇಟ್ಟುಕೊಳ್ಳುತ್ತೇನೆ. ಮುನಿರಾಜುವಿಗೆ ಇದು ಸಿಗುವುದಿಲ್ಲ.

ಮೇಡಂ ನನ್ನ ಕಾಗದವನ್ನು ಬಹಳ ಹೊತ್ತು ಓದಿದರು. ಬೇರೆ ಊರುಗಳಲ್ಲಿ ಮರೆತವರನ್ನೇ ಏನೇನು ಮರೆತಿರಿ ಎಂದು ಕೇಳಬೇಕಾಗುತ್ತದಂತೆ, ಅವರೋ ಮರೆತಿರುತ್ತಾರೆ. ಹೀಗೆ ತಾರೀಕು ಹಾಕಿ ಬರೆದ ಪಟ್ಟಿಯನ್ನು ತಾನು ಕಂಡೇ ಇಲ್ಲ ಎಂದರು. ನಿದ್ದೆ ಹೇಗೆ, ಊಟ ಹೇಗೆ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ನಿದ್ದೆ ಎರಡು ಗಂಟೆಯೂ ಇಲ್ಲ ಎಂದು ದಾಕ್ಷಾಯಣಮ್ಮ ಹೇಳಿದಾಗ ನನಗೆ ಕಸಿವಿಸಿಯಾಯಿತು. ಅದು ನನಗೆ ಗೊತ್ತೇ ಇರಲಿಲ್ಲ. ಗೋಡೆ ದಾಟಿ ಬರುವುದು ಮರೆತದ್ದು ಮಾತ್ರ, ಒಳಗೆ ನೋಯುತ್ತಿರುವುದು ಬರುವುದಿಲ್ಲ. ನಾನೂ ಕೇಳಿರಲಿಲ್ಲ.

ಎರಡನೇ ವಾರ ರಕ್ತ ಪರೀಕ್ಷೆಯ ಚೀಟಿ ನೋಡಿ ಕೆಳಗಿನ ಡಾಕ್ಟರು ಒಂದು ವಿಟಮಿನ್ ತೀರ ಕಡಿಮೆಯಿದೆ ಎಂದು ಇಂಜೆಕ್ಷನ್ ಬರೆದರು. ಮೇಡಂ ಹೇಳಿದ್ದು ಹೀಗೆ: "ಮರೆವು ಅಂದ್ರೆ ಎಲ್ಲಾ ಒಂದೇ ಕಾಯಿಲೆ ಅಲ್ಲಮ್ಮ. ಬೀಗ ನಿಮಗೆ ತಾನಾಗೇ ನೆನಪಾಗಲಿಲ್ಲ, ಸರಿ. ಇವರು ಹೇಳಿದ ಕೂಡ್ಲೆ 'ಹೌದು, ಮೊದಲು ನಿಂಬೆಹಣ್ಣು, ಆಮೇಲೆ ಕುದುರೆ, ಕೊನೇಲಿ ಬೀಗ' ಅಂತ ಸಾಲಾಗಿ ಹೇಳಿದ್ರಿ. ನಿಮ್ಮತ್ತೆಗೆ ಬಂದಿದ್ದೇ ನಿಮಗೂ ಬಂದಿದೆ ಅಂತ ಈಗ ನನಗನ್ನಿಸ್ತಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ, ಆಗ ಖಾತ್ರಿಯಾಗಿ ಹೇಳ್ತೀನಿ. ಎರಡೂ ಕೈಯಲ್ಲಿ ದೊಡ್ಡ ಮೂಟೆ ಹಿಡ್ಕೊಂಡಿರೋರಿಗೆ ಇನ್ನೊಂದು ಸಾಮಾನು ಕೊಟ್ರೆ ಕೆಳಗೆ ಬೀಳುತ್ತೆ. ನಿಮ್ಮ ಕೈಯಲ್ಲಿ ಏನೋ ಇದೆ. ಅವಸರ ಇಲ್ಲ. ವಾರ ವಾರ ಬನ್ನಿ, ಮಾತಾಡೋಣ."

ಅವರು ವಾರ ವಾರ ಹೋದರು. ಆಮೇಲಾಮೇಲೆ ನನ್ನನ್ನು ಕರೆಯಲಿಲ್ಲ, ಅದು ಸರಿಯೂ ಆಗಿತ್ತು. ಒಂದು ನೋಟ್‌ಬುಕ್ ಕೊಂಡು ಅಳತೆ ಬರೆದುಕೊಳ್ಳಲು ಶುರು ಮಾಡಿದರು. ಮೊದಮೊದಲು ಅದನ್ನು ಕಂಡು ಮೂಗು ಮುರಿದ ಹೆಂಗಸರಿಗೆ, "ನೀವು ಸಾಮಾನು ಚೀಟಿ ಬರೀತೀರಲ್ಲ, ಹಂಗೇ" ಎನ್ನುತ್ತಿದ್ದರು. ಯುಗಾದಿ ಬಂತು, ಶಟರು ಮುಚ್ಚಲಿಲ್ಲ. ನನಗೆ ಬರುವುದು ದಿನಕ್ಕೆ ಹದಿನೈದಾಯಿತು, ಏಳಾಯಿತು. ಗೀಟುಗಳನ್ನು ಈಗ ಅವರೇ ಬಂದು ಎಳೆಯುತ್ತಿದ್ದರು. ಜ್ಯೇಷ್ಠದಲ್ಲಿ ಒಂದು ದಿನ ಒಂದೂ ಗೀಟು ಇರಲಿಲ್ಲ. ಅವತ್ತು ಗಿರಿಜೆ ಪಾಯಸ ಮಾಡಿದಳು. ಮುಂದಿನ ಮೆಟ್ಟಿಲು ಹತ್ತುವವರು ಇನ್ನೂ ಮೂವರು ಹುಟ್ಟಿಕೊಂಡರು. ಅವರಲ್ಲೊಬ್ಬ, ಟವೆಲ್ಲಿಲ್ಲದೆ, ವೀರಭದ್ರಪ್ಪ.

ಆಷಾಢದ ಒಂದು ಮಧ್ಯಾಹ್ನ ನಾನು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತಿದ್ದೆ. ಆಗ ಅದು ಬಂತು. ಬೆಳಗಿನ ಜಾವದ ಬೆಳಕು, ಪಕ್ಕದ ಮನೆಯ ಬಾಗಿಲು, ಚೀಲ ಹಿಡಿದು ಬಸ್ಸಿಗೆ ಹೊರಟ ಮಂಗಳಾ. ಆತುರದಲ್ಲಿ ಅವಳು ಯಾವುದೋ ರವಿಕೆಗೆ ಹುಕ್ಕು ಉಲ್ಟಾ ಹಚ್ಚಿದ್ದಾಳೆ. ಅಕ್ಕ ಅದನ್ನು ಅವಳ ಮುಖಕ್ಕೆ ಹಿಡಿದು ಕೂಗುತ್ತಿದ್ದಾರೆ. "ಹೋಗೇ, ಹೋಗು! ಮತ್ತೆ ಈ ಮನೆ ಹೊಸ್ತಿಲು ತುಳೀಬೇಡ!" ಅಲ್ಲಿಗೆ ಮುಗಿಯಿತು. ನನ್ನ ಕೈ ನೀರಿನಲ್ಲೇ ಉಳಿಯಿತು. ಮಂಗಳಾ ಸತ್ತ ದಿನದ ಮಾತು ಅದು. ಎಂಟು ತಿಂಗಳು ಇದನ್ನು ಹಿಡಿದುಕೊಂಡು ಆ ಹೆಂಗಸು ಊರಿನವರ ಬಟ್ಟೆ ಹೊಲಿದರು, ನಾನು ತಂದ ಹಾಲಿನ ಸುದ್ದಿ, ಕತ್ತರಿಯ ಸುದ್ದಿ ಕೇಳಿಸಿಕೊಂಡರು. ಇವತ್ತು ಅದು ಅವರ ಕೈ ಜಾರಿ ನನಗೆ ಬಂದಿತ್ತು. ನನಗೆ ಅಳು ಬಂತು. ಪಕ್ಕದಲ್ಲಿ ಹೊಲಿಗೆ ಮಿಷನ್ನು ಸರಾಗವಾಗಿ ಓಡುತ್ತಿತ್ತು. ಅವರು ಏನೋ ಗುನುಗುತ್ತಿದ್ದರು. ಕಾರ್ತಿಕದಿಂದ ಈಚೆಗೆ ಅವರು ಗುನುಗಿದ್ದನ್ನು ನಾನು ಕೇಳಿರಲಿಲ್ಲ.

ಹೊತ್ತು ಮುಳುಗುವುದರೊಳಗೆ ಒಪ್ಪಿಸಬೇಕು. ನಾನು ಎದ್ದೆ, ಅವರ ಬಾಗಿಲ ತನಕ ಹೋದೆ, ಆ ಗುನುಗು ಕೇಳಿ ವಾಪಸ್ಸು ಬಂದೆ. ಇದನ್ನು ಹೇಗೆ ಹೇಳಲಿ? ಹೇಳಿದರೆ ಮತ್ತೆ ನಲವತ್ತೊಂದು ಗೀಟಿಗೆ ಬೀಳುತ್ತಾರೇನೋ. ಹೇಳದಿದ್ದರೆ ಊರಿನ ಕಟ್ಟಳೆ ಮುರಿದೆ, ಅಷ್ಟಕ್ಕೂ ಅದು ಅವರ ಸೊತ್ತು, ನನ್ನದಲ್ಲ. ಐದು ದಿನ ಇಟ್ಟುಕೊಂಡೆ. ಆ ಐದು ದಿನ ನನ್ನ ಕಾಟ ಗಿರಿಜೆಗೇ ಗೊತ್ತು. ಉಪ್ಪು ಕಡಿಮೆ ಎಂದು ರೇಗಿದೆ, ಜಾಸ್ತಿ ಎಂದು ರೇಗಿದೆ. ಒಳಗಡೆ ಆ ಮಾತು ಕೂತಲ್ಲಿ ನಿಂತಲ್ಲಿ ಚುಚ್ಚುತ್ತಿತ್ತು. ಇದಿಷ್ಟಕ್ಕೇ ನಾನು ಹೀಗಾದರೆ, ಅವರು ಹೇಗೆ ತಡೆದುಕೊಂಡರು?

ಆರನೇ ದಿನ, ಮಂಗಳವಾರ, ಬಾಗಿಲು ಎರಡು ಸಲ ತಟ್ಟಿದೆ. ನಮ್ಮ ಊರಿನಲ್ಲಿ ಯಾರೂ ಯಾರಿಗೂ ಕೇಳದ ಮಾತು ಕೇಳಿದೆ. "ದಾಕ್ಷಾಯಣಮ್ಮ, ಒಂದು ಬಂದಿದೆ. ಒಪ್ಪಿಸಲಾ, ಬೇಡವಾ?"

ಅವರು ನನ್ನ ಮುಖ ನೋಡಿದರು. ಅಂಗೈಯಿಂದ ಮಿಷನ್ನಿನ ಚಕ್ರ ತಡೆದರು. "ದೊಡ್ಡದಾ?"

"ದೊಡ್ಡದು."

"ಮಂಗಳಂದಾ?"

ತಲೆಯಾಡಿಸಿದೆ. ಅವರು ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ಬೇಡ ಅನ್ನಲ್ಲ. ಆದ್ರೆ ಇಲ್ಲಿ ಒಬ್ಳೇ ತಗೊಳ್ಳೋಕೆ ನನ್ನಿಂದ ಆಗಲ್ಲ. ನಾಡಿದ್ದು ಗುರುವಾರ. ಅಲ್ಲಿ ಕೂತ್ಕೊಂಡು ತಗೋತೀನಿ. ಅಲ್ಲೀವರ್ಗೂ ನಿಮ್ಮ ಹತ್ರ ಇರಲಿ. ಆಗುತ್ತಾ ತಿಪ್ಪೇಶಪ್ಪ?"

"ಆಗುತ್ತೆ" ಎಂದೆ. ಮತ್ತೆರಡು ದಿನ ಚುಚ್ಚಿತು. ಆದರೆ ಆ ಎರಡು ದಿನ ನಾನು ಯಾರ ಮೇಲೂ ರೇಗಲಿಲ್ಲ.

ಗುರುವಾರ ಆ ರೂಮಿನಲ್ಲಿ ಮೂರು ಕುರ್ಚಿ ಹಾಕಿದ್ದರು. ಮೇಡಂ ದಾಕ್ಷಾಯಣಮ್ಮನನ್ನು ಎರಡು ಸಲ ಕೇಳಿದರು, ಕೇಳಿಸಿಕೊಳ್ಳುತ್ತೀರಾ ಎಂದು. ಆಮೇಲೆ ನನ್ನ ಕಡೆ ತಿರುಗಿ, "ನಿಧಾನವಾಗಿ ಹೇಳಿ, ಬಂದಷ್ಟನ್ನೇ ಹೇಳಿ" ಎಂದರು. ಹೇಳಿದೆ. ಬೆಳಕು, ಬಾಗಿಲು, ಚೀಲ, ಉಲ್ಟಾ ಹುಕ್ಕು. ಕೊನೆಯ ಮಾತನ್ನೂ ಪೂರ್ತಿ ಹೇಳಿದೆ. ಅದು ನನ್ನೊಳಗೆ ಚುಚ್ಚುವುದು ನಿಂತಿತು, ಅವರ ಮುಖದಲ್ಲಿ ಅದು ಇಳಿಯುತ್ತಿರುವುದು ಕಂಡಿತು.

"ಹೌದು" ಎಂದರು. "ಅಂದೆ. ಅದೇ ಮಾತು ಅಂದೆ. ಅವಳು ಹೊಸ್ತಿಲು ತುಳೀಲೇ ಇಲ್ಲ." ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನು ಏನಾದರೂ ಸಮಾಧಾನ ಹೇಳಲು ಹೊರಟೆ. ಮೇಡಂ ಕೈಸನ್ನೆ ಮಾಡಿ ತಡೆದರು. ಕಾಯಬೇಕು ಎಂದು ಆಮೇಲೆ ನನಗೂ ಅರ್ಥವಾಯಿತು. ಫ್ಯಾನು ತಿರುಗುತ್ತಿತ್ತು, ಕೆಳಗೆ ಯಾರದೋ ಹೆಸರು ಕೂಗುತ್ತಿದ್ದರು.

ಬಹಳ ಹೊತ್ತಿನ ಮೇಲೆ ದಾಕ್ಷಾಯಣಮ್ಮ ತಲೆಯೆತ್ತಿದರು. ಕಣ್ಣಿನಲ್ಲಿ ನೀರಿತ್ತು, ತುಟಿಯ ತುದಿಯಲ್ಲಿ ಬೇರೇನೋ ಇತ್ತು. "ಅದಕ್ಕೆ ಅವಳು ಏನಂದ್ಲು ಗೊತ್ತಾ?" ಎಂದು ನನ್ನನ್ನು ಕೇಳಿದರು.

ಗೊತ್ತಿಲ್ಲ ಎಂದು ತಲೆಯಾಡಿಸಿದೆ.

"ಚೀಲ ಹೆಗಲಿಗೆ ಹಾಕ್ಕೊಂಡು, ರಸ್ತೆಗಿಳಿದು, ಅಲ್ಲಿಂದ ತಿರುಗಿ ಅಂದ್ಲು. 'ಆಯ್ತು, ಬರಲ್ಲ ಬಿಡು. ಆ ಹಸಿರು ರವಿಕೆ ಕಾಜಾ ಮಾತ್ರ ನೀನು ಮುಟ್ಬೇಡ ಅಕ್ಕ, ಕೆಡಿಸಿಡ್ತೀಯ. ಸಂಜೆ ಬಂದು ನಾನೇ ಮಾಡ್ತೀನಿ.' ನಗ್ತಾ ಅಂದ್ಲು, ತಿಪ್ಪೇಶಪ್ಪ. ನಗ್ತಾನೇ ಹೋದ್ಲು."

ಮೇಡಂ ನನ್ನ ಕಡೆ ನೋಡಿದರು. "ಇದೂ ನಿಮಗೆ ಬಂದಿತ್ತಾ?"

ನಾನು ನನ್ನ ತಲೆಯನ್ನೆಲ್ಲ ತಡಕಾಡಿದೆ. ಅಕ್ಕಿ ಡಬ್ಬ, ಹಾಲು, ಊರು ಹೆಂಗಸರ ತೋಳಿನಳತೆ, ಬೆಲ್ಲ, ಬೀಗ, ಎಲ್ಲ ಇದ್ದವು. ಮಂಗಳಾ ರಸ್ತೆಯಲ್ಲಿ ತಿರುಗಿ ನಿಂತು ನಕ್ಕದ್ದು ಎಲ್ಲೂ ಇರಲಿಲ್ಲ. "ಇಲ್ಲ ಮೇಡಂ" ಎಂದೆ. "ಇದು ನನಗೆ ಬಂದೇ ಇಲ್ಲ."

ದಾಕ್ಷಾಯಣಮ್ಮ ನನ್ನನ್ನೇ ನೋಡುತ್ತಿದ್ದರು. ಬಂದಿಲ್ಲ ಎಂದರೆ ಏನರ್ಥ ಎಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೂರು ಮರೆತರೂ, ತಂಗಿಯ ಆ ನಗುವನ್ನು ಅವರು ಒಂದು ದಿನವೂ ಮರೆತಿರಲಿಲ್ಲ.